ಟ್ರೇಡ್-ಆಫ್‌ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಅಭಿವೃದ್ಧಿ ಸಹಕಾರದ ಬಗ್ಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ಜನರ ಒಳಿತು, ಪರಿಸರದ ಗುರಿ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ ಅನ್ನೋದು ವಿಷಯ. 'ಟ್ರೇಡ್-ಆಫ್', ಅಂದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗಿ ಬರುವುದು, ಪುಟಕ್ಕೆ ಮೂರು ಸಲ ಬರುತ್ತದೆ. 'ಹೊಂದಾಣಿಕೆ' ಅಂತ ಹಾಕಿಕೊಂಡು ಬಂದೆ. ಒಂದು ಕಡೆ ಕೈಕೊಟ್ಟಿತು:

"ಕಾಡಿಗೆ ಬೇಲಿ ಹಾಕಿದರೆ ಸಸಿಗಳು ಮೇಲೇಳುತ್ತವೆ. ಅಲ್ಲಿಯವರೆಗೆ ಮೇಕೆ ಮೇಯಿಸುವವರು, ಸೌದೆ ಆಯುವವರು ಹೊರಗಿರಬೇಕು. ಈ ಹೊಂದಾಣಿಕೆಯನ್ನು ಯೋಜನೆ ಮುಚ್ಚಿಡಬಾರದು."

ಇಲ್ಲಿ ಹೊಂದಿಕೊಂಡವರು ಯಾರು? ಮೇಕೆಯವನಂತೂ ಅಲ್ಲ. ಅಧ್ಯಾಯದ ತಲೆಬರಹದಲ್ಲೂ ಇದೇ ಪದವಿದೆ. ಸಂಜೆ ಅಚ್ಚಿಗೆ ಹೋಗಬೇಕು, ದಯವಿಟ್ಟು ಬೇಗ.
– ಅ.

ರಾಜಿ. ಮುಗಿಯಿತು.
– ಗೋ.

> ರಾಜಿ. ಮುಗಿಯಿತು.

ಮುಗಿಯಲಿಲ್ಲ. ಇಬ್ಬರೂ ಒಪ್ಪಿದರೆ ತಾನೇ ರಾಜಿ? ಬೇಲಿ ಹಾಕುವಾಗ ಮೇಕೆಯವನನ್ನು ಯಾರಾದರೂ ಕೇಳಿದ್ದರಾ? ಅದೂ ಅಲ್ಲದೆ ಅದು ಅರಬ್ಬಿ ಪದ. ನಮ್ಮದೇ 'ಸರಿದೂಗು' ಇದೆಯಲ್ಲ. ಸರಿ + ತೂಗು, ಆದೇಶಸಂಧಿ. 'ಸರಿದೂಗಿಕೆ' ಅನ್ನಿ.
– ವೆಂ.

ವೆಂ. ಅವರೇ, ಸರಿದೂಗಿಸುವುದು ಅಂದರೆ ಹೋದದ್ದನ್ನು ಇನ್ನೊಂದು ಕಡೆಯಿಂದ ತುಂಬಿಕೊಡುವುದು. ಅದನ್ನು 'ಆಫ್‌ಸೆಟ್'ಗೆ ಇಟ್ಟುಕೊಳ್ಳಿ. ಇಲ್ಲಿ ಹೊಗೆ ಬಿಟ್ಟು ಇನ್ನೆಲ್ಲೋ ಗಿಡ ನೆಡುತ್ತಾರಲ್ಲ, ಅದಕ್ಕೆ. ಟ್ರೇಡ್-ಆಫ್‌ನಲ್ಲಿ ಹೋದದ್ದು ಹೋಯಿತು. ನಾನು ಬಹಳ ದಿನದಿಂದ 'ಬಿಡುಪಡೆ' ಬಳಸುತ್ತಿದ್ದೇನೆ. ಬಿಟ್ಟು ಪಡೆಯುವುದು. ಎರಡೂ ಅಚ್ಚಗನ್ನಡ.
– ನಾ.

ಬಿಡುಪಡೆ! ರಜೆ ಹಾಕಿದ ಸೈನ್ಯ ಅಂದುಕೊಳ್ಳುತ್ತಾರೆ.
– ಗೋ.

ಯಾಕೆ ಇಷ್ಟು ಒದ್ದಾಟ? 'ಯೋಗಕ್ಷೇಮ' ಇದೆಯಲ್ಲ. ಅದನ್ನು ಕಾಗದದ ಮೊದಲ ಸಾಲಿಗೆ ಇಳಿಸಿಬಿಟ್ಟಿದ್ದೇವೆ. ಗೀತಾಭಾಷ್ಯದಲ್ಲಿ ಶಂಕರರು ಬಿಡಿಸುವ ಹಾಗೆ, ಇಲ್ಲದ್ದನ್ನು ಪಡೆಯುವುದು ಯೋಗ, ಇರುವುದನ್ನು ಕಾಪಾಡುವುದು ಕ್ಷೇಮ. ಅಭಿವೃದ್ಧಿಯೂ ಪರಿಸರವೂ ಒಂದೇ ಸಮಾಸದಲ್ಲಿ ಕೂತಿವೆ. ಅಧ್ಯಾಯದ ತಲೆಬರಹಕ್ಕೆ ಇದೊಂದೇ ಪದ ಸಾಕು.
– ಶ್ರೀ.

ಶ್ರೀ. ಅವರು ಹೇಳಿದ್ದು ಚೆನ್ನಾಗಿದೆ, ಆದರೆ ಅದು 'ವೆಲ್-ಬೀಯಿಂಗ್'ಗೆ ಸರಿ, ಟ್ರೇಡ್-ಆಫ್‌ಗಲ್ಲ. ಎರಡೂ ಒಟ್ಟಿಗೆ ಸಿಗುವುದಾದರೆ ಈ ಪದವೇ ಬೇಕಾಗಿರಲಿಲ್ಲ.

ಇಂಥ ಕಡತಗಳನ್ನು ನಾನೂ ಅನುವಾದಿಸಿದ್ದೇನೆ. ಒಇಸಿಡಿಯವರು (ಹೆಚ್ಚಾಗಿ ಸಿರಿವಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) 1998ರಿಂದ ನೆರವಿನ ಯೋಜನೆಗಳಿಗೆ 'ರಿಯೊ ಮಾರ್ಕರ್' ಅಂತ ಅಂಕ ಹಾಕಿಸುತ್ತಾರೆ. ಪರಿಸರದ ಗುರಿ ಇಲ್ಲದಿದ್ದರೆ 0. ಇದೆ, ಆದರೆ ಯೋಜನೆ ಹುಟ್ಟಿದ್ದು ಅದಕ್ಕಾಗಿ ಅಲ್ಲ ಅಂದರೆ 1. ಆ ಗುರಿ ಇಲ್ಲದೆ ಯೋಜನೆಯೇ ಇರುತ್ತಿರಲಿಲ್ಲ ಅಂದರೆ 2. ಒಂದು ಅನುವಾದದಲ್ಲಿ 2ಕ್ಕೆ 'ಪ್ರಮುಖ ಗುರಿ', 1ಕ್ಕೆ 'ಮಹತ್ವದ ಗುರಿ' ಅಂತ ಬರೆದಿದ್ದರು. ಓದುವವನಿಗೆ ಎರಡೂ ಒಂದೇ! ನಾನು 'ಮೂಲ ಗುರಿ', 'ಜೊತೆ ಗುರಿ' ಮಾಡಿದೆ. ತಕರಾರು ಬರಲಿಲ್ಲ.

ಇನ್ನೊಂದು. 1992ರ ರಿಯೊ ಘೋಷಣೆಯ (ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದ್ದು) 1ನೇ ಸೂತ್ರ ಮನುಷ್ಯರನ್ನು ನಡುವೆ ಇಟ್ಟು, ಪ್ರಕೃತಿಯ ಜೊತೆ ಹೊಂದಿಕೊಂಡ ಬದುಕು ಅವರ ಹಕ್ಕು ಅನ್ನುತ್ತದೆ. 'ಹೊಂದಾಣಿಕೆ' ಅಲ್ಲಿಗೆ ಬೇಕು. ಅದನ್ನೇ ಟ್ರೇಡ್-ಆಫ್‌ಗೂ ಖರ್ಚು ಮಾಡಿದರೆ ಒಂದೇ ಪುಟದಲ್ಲಿ ಸಾಮರಸ್ಯಕ್ಕೂ ನಷ್ಟಕ್ಕೂ ಒಂದೇ ಪದ ಆಗುತ್ತದೆ. ನಾಮಪದವೇ ಬೇಕು ಅನ್ನೋ ಹಟ ಬಿಡಿ, ಕ್ರಿಯಾಪದದಲ್ಲಿ ಹೇಳಿ.
– ಲ.

> ಸಾಮರಸ್ಯ, ನಷ್ಟ, ಖರ್ಚು, ತಕರಾರು

ಒಂದೇ ಪತ್ರದಲ್ಲಿ ಎಷ್ಟು ಸಾಲದ ಪದ! 'ಸುಸ್ಥಿರ'ವನ್ನೂ ಹೀಗೇ ತಂದು ಹೇರಿದರು. ಸುಸ್ಥಿರ ಅಂದರೆ ಅಲ್ಲಾಡದೆ ನಿಂತದ್ದು. 'ಬಾಳಿಕೆ ಬರುವ' ಅಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು.
– ನಾ.

'ಬಾಳಿಕೆ ಬರುವ ಅಭಿವೃದ್ಧಿ' ಒಪ್ಪಿದೆ, ನಿಜಕ್ಕೂ ಒಳ್ಳೆಯದು. ಆದರೆ ಸಾಲದ ಲೆಕ್ಕ ಬೇಡ. ಅರ್ಜಿ, ಜಮೀನು, ಕಾನೂನು ಎಲ್ಲವನ್ನೂ ವಾಪಸ್ ಕಳಿಸುತ್ತೀರಾ? 'ವಾಪಸ್' ಕೂಡ ಹೊರಗಿನದೇ.
– ವೆಂ.

ಅರಬ್ಬಿ ಅಂತ 'ರಾಜಿ'ಯನ್ನು ಓಡಿಸಿದವರು ಇವರೇ ಅಲ್ವಾ?
– ಗೋ.

ಎಲ್ಲರಿಗೂ ಧನ್ಯವಾದ. ಲ. ಮೇಡಂ ದಾರಿ ಹಿಡಿದೆ. ತಲೆಬರಹ: "ಏನನ್ನು ಉಳಿಸಲು ಏನನ್ನು ಬಿಡುತ್ತೇವೆ?" ಬೇಲಿಯ ವಾಕ್ಯ: "ಕಾಡು ಉಳಿಯಲು ಯಾರು ಏನು ಬಿಟ್ಟುಕೊಟ್ಟರು ಅನ್ನುವುದನ್ನು ಯೋಜನೆ ಮುಚ್ಚಿಡಬಾರದು." ಸಂಪಾದಕರು ಉದ್ದ ಜಾಸ್ತಿ ಆಯಿತು ಅಂದರು, ಆದರೆ ಮೊದಲ ಸಲ ಅರ್ಥ ಕೇಳಲಿಲ್ಲ. ಮುಂದಿನ ಅಧ್ಯಾಯದಲ್ಲಿ 'ಕೋ-ಬೆನಿಫಿಟ್' (ಒಂದರ ಜೊತೆಗೇ ಸಿಗುವ ಇನ್ನೊಂದು ಲಾಭ) ಇದೆ. ನಾಳೆ ಬರುತ್ತೇನೆ.
– ಅ.