ಅಶ್ವಗಂಧ ಡಬ್ಬಿ ಮೇಲೆ "ಎಫ್‌ಡಿಎ ಪರಿಶೀಲಿಸಿಲ್ಲ" ಅಂತಿದೆ, ಹಂಗಾದ್ರೆ ಪರಿಶೀಲಿಸಿದ್ದು ಯಾರು?

ಹಾಸನದ_ಸೊಸೆ:
ಎಲ್ರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಲಿರೋದು. ಅತ್ತೆ ಊರಿಂದ ಬಂದಿದ್ದಾರೆ, ರಾತ್ರಿ ನಿದ್ದೆ ಹತ್ತಲ್ಲ ಅಂತ ಇಲ್ಲೇ ಇಂಡಿಯನ್ ಸ್ಟೋರಲ್ಲಿ ಅಶ್ವಗಂಧ ಕ್ಯಾಪ್ಸೂಲ್ ತಗೊಂಡ್ರು. ನಿನ್ನೆ ಡಬ್ಬಿ ತಿರುಗಿಸಿ ನೋಡ್ತೀನಿ, ಹಿಂದೆ ಒಂದು ಚೌಕದೊಳಗೆ ಇರುವೆ ಸಾಲಿನ ಥರ ಅಕ್ಷರ, ಈ ಹೇಳಿಕೆಗಳನ್ನ ಎಫ್‌ಡಿಎ (ಅಮೆರಿಕದಲ್ಲಿ ಆಹಾರ, ಔಷಧಿ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ಪರಿಶೀಲಿಸಿಲ್ಲ, ಇದು ಯಾವ ಕಾಯಿಲೆನೂ ವಾಸಿ ಮಾಡೋಕಲ್ಲ ಅಂತ. ಮುಂದೆ ನೋಡಿದ್ರೆ ದಪ್ಪಕ್ಷರದಲ್ಲಿ "ನೆಮ್ಮದಿಯ ನಿದ್ದೆಗೆ ಸಹಕಾರಿ"! ಅತ್ತೆ ಬ್ಯಾಗಲ್ಲಿದ್ದ ಒಂದು ಹಿಡಿ ಕರಿಬೇವನ್ನ ಏರ್‌ಪೋರ್ಟಲ್ಲಿ ಕಿತ್ತು ಬಿಸಾಕಿದ ದೇಶ ಇದು, ಕ್ಯಾಪ್ಸೂಲ್ ಮಾತ್ರ ಯಾರೂ ನೋಡ್ದೆ ಹೆಂಗೆ ಅಂಗಡಿಗೆ ಬಂತು? ಇಲ್ಲಿನ ಪಾರ್ಲಿಮೆಂಟೇ ಕಾನೂನು ಮಾಡಿ ಎಫ್‌ಡಿಎ ಕೈ ಕಟ್ಟಿದೆ ಅಂತ ಆಫೀಸಲ್ಲಿ ಒಬ್ರು ಅಂದ್ರು, ನಿಜಾನಾ?

ಮಾತ್ರೆ_ಮಾಸ್ತರ್:
ಅರ್ಧಕ್ಕಿಂತ ಜಾಸ್ತಿ ನಿಜ ಮೇಡಂ. ನಾನು ಫಾರ್ಮಸಿ ಲೈನಲ್ಲಿರೋನು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ನಿಮ್ಮ ಅಶ್ವಗಂಧದ ಥರ ಔಷಧಿ ಅಂತಲ್ಲ, ಆಹಾರಕ್ಕೆ ಪೂರಕ ಅಂತ ಮಾರೋದನ್ನ ಇಲ್ಲಿ ಸಪ್ಲಿಮೆಂಟ್ ಅಂತಾರೆ. 1989ರಲ್ಲಿ ಎಲ್-ಟ್ರಿಪ್ಟೊಫ್ಯಾನ್ ಅನ್ನೋ ಸಪ್ಲಿಮೆಂಟ್ ತಗೊಂಡು 1,500ಕ್ಕೂ ಹೆಚ್ಚು ಜನಕ್ಕೆ ಮೈಕೈ ಹಿಂಡೋ ಥರ ಸ್ನಾಯು ನೋವಿನ ಕಾಯಿಲೆ ಬಂತು, ಸತ್ತವರೂ ಇದ್ದಾರೆ. ಅದನ್ನೂ ಜನ ನಿದ್ದೆಗೇ ತಗೋತಿದ್ದದ್ದು, ನೋಡಿ. ಆಗ ಡೇವಿಡ್ ಕೆಸ್ಲರ್ ಎಫ್‌ಡಿಎ ಕಮಿಷನರ್ ಆಗಿ ಬಂದು ಹಗ್ಗ ಬಿಗಿ ಮಾಡೋಕೆ ಹೊರಟ್ರು, ಅಷ್ಟೇ ಸಾಕಾಯ್ತು. ನಿಮ್ಮ ವಿಟಮಿನ್ ಕಿತ್ಕೋತಾರೆ ಅಂತ 1993ರಲ್ಲಿ ಕಂಪನಿಗಳು ದೊಡ್ಡ ಗಲಾಟೆ ಎಬ್ಬಿಸಿದ್ವು, ಹಾಲಿವುಡ್ ನಟ ಮೆಲ್ ಗಿಬ್ಸನ್ ಮನೆಗೆ ಸರ್ಕಾರದವರು ಬಂದೂಕು ಹಿಡ್ಕೊಂಡು ನುಗ್ಗಿ ವಿಟಮಿನ್ ಸಿ ಡಬ್ಬಿ ವಶಪಡಿಸ್ಕೊಳ್ಳೋ ಥರ ಟಿವಿ ಜಾಹೀರಾತು ಬೇರೆ. ಕಾಂಗ್ರೆಸ್ಸಿಗೆ, ಅಂದ್ರೆ ಇಲ್ಲಿನ ಪಾರ್ಲಿಮೆಂಟಿಗೆ, ಕಾಗದಗಳ ಮಳೆ. ಯೂಟಾದ ಸೆನೆಟರ್ ಓರಿನ್ ಹ್ಯಾಚ್ ರಿಪಬ್ಲಿಕನ್, ಐಯೊವಾದ ಟಾಮ್ ಹಾರ್ಕಿನ್ ಡೆಮಾಕ್ರಾಟ್, ಇಬ್ರೂ ಸೇರಿ ಮಸೂದೆ ತಂದ್ರು, 1994 ಅಕ್ಟೋಬರ್ 25ಕ್ಕೆ ಕ್ಲಿಂಟನ್ ಸೈನ್ ಹಾಕಿದ್ರು. ಯೂಟಾ ತುಂಬ ಸಪ್ಲಿಮೆಂಟ್ ಫ್ಯಾಕ್ಟರಿಗಳು ಅನ್ನೋದನ್ನ ಸುಮ್ನೆ ಪಕ್ಕದಲ್ಲಿಟ್ಕೊಳ್ಳಿ.

ಅದ್ರಲ್ಲಿ ಏನು ಮಾಡಿದ್ರು ಅಂದ್ರೆ ಸರದಿ ತಿರುಗಿಸಿಬಿಟ್ರು. ಔಷಧಿ ಆದ್ರೆ ಸುರಕ್ಷಿತ, ಕೆಲಸ ಮಾಡುತ್ತೆ ಅಂತ ಕಂಪನಿ ಮೊದ್ಲು ತೋರಿಸ್ಬೇಕು, ಆಮೇಲೆ ಮಾರಾಟ. ಸಪ್ಲಿಮೆಂಟ್ ಆದ್ರೆ ಮೊದ್ಲು ಮಾರಾಟ, ಅಪಾಯ ಇದ್ರೆ ಎಫ್‌ಡಿಎನೇ ಆಮೇಲೆ ಸಾಬೀತು ಮಾಡ್ಬೇಕು. "ನಿದ್ದೆಗೆ ಸಹಕಾರಿ" ಅನ್ನಬಹುದು, "ನಿದ್ರಾಹೀನತೆ ವಾಸಿ ಮಾಡುತ್ತೆ" ಅನ್ನಂಗಿಲ್ಲ, ಸಹಕಾರಿ ಅಂದ್ರೆ ನಿಮ್ಮ ಇರುವೆ ಸಾಲು ಹಾಕ್ಲೇಬೇಕು. ಇದ್ರ ಬೆಲೆ ಗೊತ್ತಾಗಿದ್ದು ಎಫೆಡ್ರಾದಲ್ಲಿ, ತೂಕ ಇಳಿಸೋ ಗಿಡಮೂಲಿಕೆ ಅಂತ ಮಾರ್ತಿದ್ರು, 2003ರಲ್ಲಿ ಅದನ್ನ ತಗೋತಿದ್ದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ತೀರಿಕೊಂಡ್ರು, ಬ್ಯಾನ್ ಜಾರಿಗೆ ಬಂದಿದ್ದು 2004ರಲ್ಲಿ. ಅದೂ ಕೋರ್ಟಿಗೆ ಹೋಯ್ತು. ಪೂರ್ತಿ ಹಲ್ಲು ಕಿತ್ತಿಲ್ಲ ಅನ್ನಿ, ಫ್ಯಾಕ್ಟರಿ ಚೆಕ್ ಮಾಡಬಹುದು, ಮಾಲು ವಾಪಸ್ ತರಿಸೋ ಅಧಿಕಾರ 2011ರಲ್ಲಿ ಬಂತು.

ಅಂದಹಾಗೆ ಅತ್ತೆ ಥೈರಾಯ್ಡ್ ಮಾತ್ರೆ ತಗೋತಾರಾ? ತಗೋತಿದ್ರೆ ಅಶ್ವಗಂಧ ಡಾಕ್ಟರ್ ಕೇಳ್ದೆ ಬೇಡ.

ಕಷಾಯ_ಪ್ರಿಯ:
ಗುರು, ನಮ್ಮಜ್ಜಿ ಅಮೃತಬಳ್ಳಿ ಕಷಾಯ ಕುಡಿಸಿದ್ದಕ್ಕೆ ಯಾವ ಎಫ್‌ಡಿಎನೂ ಬಂದಿರ್ಲಿಲ್ಲ. ಪ್ರತಿ ಬೇರಿಗೂ ಕೋಟಿಗಟ್ಲೆ ಸುರಿದು ಟ್ರಯಲ್ ಮಾಡಿ ಅಂದ್ರೆ ದೊಡ್ಡ ಕಂಪನಿ ಬಿಟ್ಟು ಯಾರೂ ಉಳಿಯಲ್ಲ. ಆ ಕಾನೂನು ಇಲ್ದಿದ್ರೆ ನಿಮ್ಮ ನ್ಯೂಜೆರ್ಸಿಯ ಎಡಿಸನ್ ಊರಿನ ಇಂಡಿಯನ್ ಅಂಗಡಿಲಿ ತ್ರಿಫಲಾನೂ ಸಿಗ್ತಿರ್ಲಿಲ್ಲವೇನೋ. ಜನ ದಡ್ಡರಾ?

ಮಾತ್ರೆ_ಮಾಸ್ತರ್:
ಅಜ್ಜಿ ಬಳ್ಳಿ ಕಣ್ಣಾರೆ ನೋಡಿ ಕಿತ್ತಿದ್ರು ಸರ್, ನೀವು ನೋಡ್ತಿರೋದು ಲೇಬಲ್. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಐಟಂ ತಂದು ಲ್ಯಾಬಲ್ಲಿ ನೋಡಿದ್ರು, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್. ಟ್ರಯಲ್ ಬೇಡ ಬಿಡಿ, ಮಾರೋಕೆ ಮುಂಚೆ ಸೀಸ ಇದೆಯಾ ಅಂತ ನೋಡಿ ತೋರಿಸು ಅಂದ್ರೆ ಯಾರ ಗಂಟು ಹೋಗುತ್ತೆ?

ಮೈಸೂರಿಂದ_ನೋಡ್ತಾ:
ಅಮೆರಿಕದವರನ್ನ ನೋಡಿ ನಗೋ ಮುಂಚೆ ನಮ್ಮ ಕಥೆ ಕೇಳಿ. ಆಯುರ್ವೇದ ಔಷಧಿ ಜಾಹೀರಾತು ಹಾಕೋ ಮುಂಚೆ ರಾಜ್ಯದ ಲೈಸೆನ್ಸಿಂಗ್ ಅಧಿಕಾರಿ ಒಪ್ಪಿಗೆ ಬೇಕು ಅಂತ 2018ರಲ್ಲಿ ನಿಯಮ 170 ತಂದ್ರು. 2024ರ ಜುಲೈನಲ್ಲಿ ಆಯುಷ್ ಸಚಿವಾಲಯನೇ ಅದನ್ನ ತೆಗೆದುಹಾಕ್ತು, ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು, 2025ರಲ್ಲಿ ಕೇಸೂ ಮುಗೀತು, ತಡೆನೂ ಹೋಯ್ತು. ಅಲ್ಲಿ ಪಾರ್ಲಿಮೆಂಟಲ್ಲಾದ್ರೂ ಚರ್ಚೆ ಮಾಡಿ ಕಾನೂನು ತಂದ್ರು, ಇಲ್ಲಿ ಒಂದು ಅಧಿಸೂಚನೆ ಸಾಕಾಯ್ತು.

ಹಾಸನದ_ಸೊಸೆ:
ಮಾಸ್ತರ್ ಸರ್, ಅತ್ತೆ ಹದಿನೈದು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ತಗೋತಿದ್ದಾರೆ! ಡಬ್ಬಿ ಎತ್ತಿ ಮೇಲಿನ ಕಪಾಟಲ್ಲಿಟ್ಟಿದ್ದೀನಿ, ಸೋಮವಾರ ಊರಿನ ಡಾಕ್ಟರಿಗೆ ಫೋನ್ ಮಾಡಿ ಕೇಳ್ತೀವಿ. ಅಷ್ಟು ದುಡ್ಡು ಕೊಟ್ಟಿದ್ದು ದಂಡ ಅಂತ ಅತ್ತೆ ಗೊಣಗ್ತಿದ್ದಾರೆ, ಸದ್ಯಕ್ಕೆ ಹಾಲಿಗೆ ಜಾಯಿಕಾಯಿ ತೇಯ್ಕೊಂಡು ಕುಡೀತಾ ಕೂತಿದ್ದಾರೆ.