ಮೇಲಿದ್ದೀಯೋ, ಕೆಳಗಿದ್ದೀಯೋ?

"ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಹೋಗ್ತಿದ್ದೀನಿ ಕಣಯ್ಯಾ, ಮೊಬೈಲು 'ಎಡಕ್ಕೆ ತಿರುಗಿ' ಅಂತು. ತಿರುಗಿದ್ರೆ ಪ್ಯಾಸೆಂಜರ್ ಸಮೇತ ಕೆಳಗಿನ ರಸ್ತೆಗೇ!" ಅಂದ ಕ್ಯಾಬ್ ಓಡಿಸೋ ರಾಜಣ್ಣ. "ಇದನ್ನ ನಂಬ್ಕೊಂಡು ಡ್ರೈವರಿಲ್ಲದ ಕಾರು ಬಿಡ್ತಾರಂತೆ."

ಮೊಬೈಲ್ ಟವರ್ ಕೆಲಸದ ಮೂರ್ತಿಗೆ ಇಷ್ಟೇ ಬೇಕಾಗಿತ್ತು. "ಜಿಪಿಎಸ್ ಉಪಗ್ರಹ ಇರೋದು 20,200 ಕಿ.ಮೀ. ಮೇಲೆ. ಫೋನಿಗೆ ಸಿಗೋದೆಲ್ಲ ತಲೆ ಮೇಲಿನವೇ, ಕಾಲಡಿಯಿಂದ ಒಂದೂ ಸಿಗಲ್ಲ. ಎತ್ತರದ ಲೆಕ್ಕ ಸಡಿಲ ಆಗೋದು ಅದಕ್ಕೇ. ಬಯಲಲ್ಲೇ ಫೋನು ನಾಲ್ಕೈದು ಮೀಟರ್ ತಪ್ಪತ್ತೆ, ಲೇನ್ ಅಗಲ ಮೂರೂವರೆ."

"ಪಕ್ಕದ ಲೇನಲ್ಲಿ ಓಡತ್ತೆ ಅಂತಾಯ್ತು. ನಮ್ಮೂರಿಗೆ ಅದೇನು ಹೊಸದೇ?" ಅಂದ ಸೀನ.

ಮೂರ್ತಿ ಮೂರು ಕಾಫಿ ಲೋಟ ದೂರ ದೂರ ಇಟ್ಟ. ನಡುವೆ ಒಂದು ವಡೆ ತುಣುಕು. "ಜಿಪಿಎಸ್ ಸಾಲದ ಕಡೆ ಮೊಬೈಲ್ ಟವರಿಂದಲೂ ಜಾಗ ಹುಡುಕಬಹುದು. ಲೋಟ ಟವರು, ವಡೆ ಕಾರು. ಒಂದೊಂದು ಟವರಿನ ಸಿಗ್ನಲ್ ಬರೋಕೆ ಹಿಡಿದ ಹೊತ್ತಿಂದ ಒಂದೊಂದು ದೂರ ಸಿಗತ್ತೆ. ಮೂರು ದೂರವೂ ಕೂಡೋ ಜಾಗವೇ ಕಾರಿರೋ ಜಾಗ. ಆದ್ರೆ ಗಡಿಯಾರ ಹತ್ತು ನ್ಯಾನೋಸೆಕೆಂಡ್, ಅಂದ್ರೆ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು, ಆಚೀಚೆ ಆಯ್ತೋ, ಮೂರು ಮೀಟರ್ ಢಮಾರ್. ಸೀನ, ನಿನ್ನ ವಾಚು ಹತ್ತು ನಿಮಿಷ ಹಿಂದೆ ಅಲ್ವಾ? ಅದನ್ನ ಟವರಿಗೆ ಕಟ್ಟಿದ್ರೆ ಲೆಕ್ಕ 18 ಕೋಟಿ ಕಿ.ಮೀ. ತಪ್ಪತ್ತೆ. ಕಾರು ಸೂರ್ಯನಿಂದಾಚೆ!"

ಸೀನ ವಾಚಿನ ಮೇಲೆ ತೋಳೆಳೆದುಕೊಂಡ.

"ಅದಕ್ಕೇ 2020ರ 5ಜಿ ನಿಯಮಗಳಲ್ಲಿ ಸಿಗ್ನಲ್ ಹೋಗಿ ವಾಪಸ್ ಬರೋ ಹೊತ್ತನ್ನೇ ಅಳೆಯೋ ದಾರಿನೂ ಸೇರಿಸಿದ್ರು. ಆಗ ಟವರುಗಳ ಗಡಿಯಾರ ಒಂದಕ್ಕೊಂದು ಹೊಂದಲೇಬೇಕು ಅಂತಿಲ್ಲ. ಈಗ ನೋಡಿ, ಈ ಕಾರು... ಕಾರೆಲ್ಲೋ?"

ಶಂಕರ ಅದನ್ನ ಚಟ್ನಿಗೆ ಅದ್ದಿ ಬಾಯಿಗೆ ಹಾಕ್ಕೊಂಡಾಗಿತ್ತು.

"ಔಟರ್ ರಿಂಗ್ ರೋಡಲ್ಲಿ ಇನ್ನೊಂದು ತೊಂದರೆ," ಮೂರ್ತಿ ಸೋಲುವವನಲ್ಲ. "ಸಿಗ್ನಲ್ ಗಾಜಿನ ಕಟ್ಟಡಕ್ಕೆ ಬಡಿದು, ಸುತ್ತಿ ಬರತ್ತೆ. ತಡವಾಗಿ ಬಂತು ಅಂದ್ರೆ ದೂರ ಜಾಸ್ತಿ ಅಂತ ಲೆಕ್ಕ. ನಮ್ಮ ಶಂಕರ ಹಾಲಿಗೆ ಅಂತ ಹೊರಟು ಇಲ್ಲಿ ಕೂತಿರ್ತಾನಲ್ಲ, ಅವನ ಹೆಂಡತಿ ನಂದಿನಿ ಬೂತು ಯಾವುದೋ ಊರಾಚೆ ಇದೆ ಅಂದ್ಕೊಂಡಿರೋ ಹಾಗೆ."

"ಫ್ಲೈಓವರ್ ವಿಷಯ ಹೇಳಪ್ಪಾ," ರಾಜಣ್ಣ ಬಿಡಲಿಲ್ಲ. "ಮೇಲೋ ಕೆಳಗೋ, ಟವರಿಗೆ ಗೊತ್ತಾಗತ್ತಾ?"

ಮೂರ್ತಿ ತಲೆ ಕೆರೆದುಕೊಂಡ. ಟವರುಗಳೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರ, ಅವಕ್ಕೂ ಅದು ಕಷ್ಟವೇ ಅಂತ ಒಪ್ಪಿಕೊಂಡ. ಕ್ಯಾಮೆರಾ, ಲೇಸರ್, ಚಕ್ರ ಸುತ್ತಿದ ಲೆಕ್ಕ, ಮೊದಲೇ ತುಂಬಿಟ್ಟ ನಕ್ಷೆ, ಎಲ್ಲ ಕಲಸಿ ಕಾರು ತೀರ್ಮಾನ ಮಾಡ್ಬೇಕಂತೆ.

ಅಲ್ಲಿವರೆಗೆ ಬಾಯಿ ಬಿಡದ ಶಂಕರ ಮೆಲ್ಲಗೆ ಕೇಳಿದ: "ಈ ಟವರ್ ಲೆಕ್ಕ ಫೋನಿಗೂ ನಡೆಯತ್ತಾ?"

"ಧಾರಾಳವಾಗಿ."

"ನಂದು ಹಳೇ ಕೀಪ್ಯಾಡ್ ಫೋನು."

"ಅದನ್ನೂ ಟವರ್ ಹಿಡಿಯತ್ತೆ. ನೂರಾರು ಮೀಟರ್ ತಪ್ಪಬಹುದು, ಅಷ್ಟೆ."

"ಸಾಕು ಬಿಡು," ಶಂಕರ ಇನ್ನೊಂದು ಬೈಟು ಹೇಳಿದ. "ಬೂತು ಇಲ್ಲೇ ನೂರೈವತ್ತು ಮೀಟರ್."