ಅಧ್ಯಕ್ಷ ಅಭ್ಯರ್ಥಿ ಬೇಡ ಅನಿಸಿದರೆ ಪಕ್ಷದವರು ವೋಟಿಗೇ ಬರುವುದಿಲ್ವಾ?

ಮಲ್ಪೆ ತೀರ
ಅಮೆರಿಕದ ಚುನಾವಣೆ ಬಗ್ಗೆ ಒಂದು ಪ್ರಶ್ನೆ. ಅಲ್ಲಿ ಅಧ್ಯಕ್ಷ, ಸಂಸತ್ತಿನ ಎರಡು ಸದನಗಳಾದ ಸೆನೆಟ್, ಹೌಸ್‌ನಿಂದ ಹಿಡಿದು ಊರಿನ ಪೊಲೀಸ್ ಮುಖ್ಯಸ್ಥ ಶೆರಿಫ್, ಶಾಲಾ ಮಂಡಳಿ ತನಕ ಎಷ್ಟೋ ಕಡೆ ಒಂದೇ ಮತಪತ್ರದಲ್ಲಿ ಇರುತ್ತದೆ. ಮೇಲಿನ ಹೆಸರೇ ಸ್ವಂತ ಪಕ್ಷದವರಿಗೆ ಬೇಡವಾಗಿ ಅವರು ಮನೆಯಲ್ಲೇ ಕೂತರೆ ಕೆಳಗಿನ ಅಭ್ಯರ್ಥಿಗಳ ಗತಿ ಎಂತ? 2024ರಲ್ಲಿ ನಮ್ಮ ಉಡುಪಿ-ಚಿಕ್ಕಮಗಳೂರಿನಲ್ಲಿ ಆಗಿನ ಸಂಸದೆ ಶೋಭಾ ಕರಂದ್ಲಾಜೆ ಬೇಡ, 'ಗೋ ಬ್ಯಾಕ್ ಶೋಭಾ' ಅಂತ ಬಿಜೆಪಿ ಕಾರ್ಯಕರ್ತರೇ ಎದ್ದರು. ಪಕ್ಷ ಅವರನ್ನು ಬೆಂಗಳೂರು ಉತ್ತರಕ್ಕೆ ಕಳಿಸಿ ಇಲ್ಲಿ ಕೋಟ ಶ್ರೀನಿವಾಸ ಪೂಜಾರಿಯವರನ್ನು ನಿಲ್ಲಿಸಿ ಗೆದ್ದಿತು. ಅಲ್ಲಿ ಹೀಗೆ ಬದಲಿಸಲಿಕ್ಕೆ ಆಗುತ್ತದಾ?

ಕದ್ರಿ ಗುಡ್ಡೆ
ಬದಲಿಸುವುದು ಸುಲಭ ಇಲ್ಲ ಮಾರಾಯ್ರೆ. ಅಲ್ಲಿ ಅಭ್ಯರ್ಥಿಯನ್ನು ಆರಿಸುವುದು ಹೈಕಮಾಂಡ್ ಅಲ್ಲ, ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ವೋಟು ಹಾಕುವ ಜನ. 2024ರ ಜುಲೈಯಲ್ಲಿ ಬೈಡನ್ ಹಿಂದೆ ಸರಿದು ಹ್ಯಾರಿಸ್ ಬಂದರಲ್ಲ, ಅದೂ ಅವರಾಗಿಯೇ ಬಿಟ್ಟುಕೊಟ್ಟದ್ದರಿಂದ ಆದದ್ದು.

ಇನ್ನು ಜನ ಬರುವುದಿಲ್ವಾ ಅಂದರೆ, 2016ರ ಮಿಷಿಗನ್ ನೋಡಿ. ರಿಪಬ್ಲಿಕನ್ ಪಕ್ಷದ ಟ್ರಂಪ್ ಇಡೀ ರಾಜ್ಯ ಗೆದ್ದದ್ದು 11 ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. 2012ರಲ್ಲಿ ಒಬಾಮಾಗೆ ಅಲ್ಲಿ ಬಿದ್ದ ಮತಕ್ಕಿಂತ ಹಿಲರಿಗೆ ಸುಮಾರು 76 ಸಾವಿರ ಕಡಿಮೆ ಬಿತ್ತು. ಹಾಗಂತ ಅವೆಲ್ಲ ಟ್ರಂಪ್‌ಗೆ ಹೋಗಲಿಲ್ಲ, ಅವರ ಪಕ್ಷಕ್ಕೆ ಅಲ್ಲಿ ಏರಿದ್ದು 15 ಸಾವಿರದಷ್ಟು ಮಾತ್ರ. ಊರಿನ ಜನಸಂಖ್ಯೆ ಇಳಿದದ್ದೂ ಒಂದು ಕಾರಣ, ಆದರೆ ಮನೆಯಲ್ಲೇ ಉಳಿದವರು ಜಾಸ್ತಿ ಅಂತ ನನ್ನ ಲೆಕ್ಕ. ಮತಗಟ್ಟೆ ತನಕ ಬಂದು, ಕೆಳಗಿನದೆಲ್ಲ ತುಂಬಿಸಿ, ಅಧ್ಯಕ್ಷರ ಜಾಗ ಮಾತ್ರ ಖಾಲಿ ಬಿಟ್ಟವರೂ ಇದ್ದರು. ಇಡೀ ರಾಜ್ಯದಲ್ಲಿ ಅಂಥ ಮತಪತ್ರ ಸುಮಾರು 75 ಸಾವಿರ. ನಮ್ಮ ನೋಟಾದ ಹಾಗೆಯೇ, ಆದರೆ ಗುಂಡಿ ಇಲ್ಲದೆ.

ಖಾಲಿ ಬಿಟ್ಟವರಿಂದ ಕೆಳಗಿನವರಿಗೆ ನಷ್ಟ ಇಲ್ಲ. ಬಾರದೇ ಇದ್ದವರಿಂದಲೇ ಪೆಟ್ಟು.

ಪುತ್ತೂರು ಪೇಟೆ
ಅಣ್ಣ, ಒಂದು ವಿಷಯ ಬಿಟ್ಟಿರಿ. ನಮ್ಮವ ಇಷ್ಟ ಇಲ್ಲದಿದ್ದರೂ ಎದುರಿನವ ಗೆಲ್ಲಬಾರದು ಅಂತ ಬರುವವರು ತುಂಬ ಜನ. ಅಮೆರಿಕದಲ್ಲಿ 2016ರಲ್ಲಿ ಮತದಾನ ಶೇ. 60ರ ಹತ್ತಿರ ಇತ್ತು, 2020ರಲ್ಲಿ ಶೇ. 66ಕ್ಕೆ ಏರಿತು, ನೂರು ವರ್ಷದಲ್ಲೇ ಅಷ್ಟು ಇರಲಿಲ್ಲ. ಬೈಡನ್ ಮೇಲಿನ ಪ್ರೀತಿಯಿಂದ ಬಂದವರಿಗಿಂತ ಟ್ರಂಪ್ ಬೇಡ ಅಂತ ಬಂದವರೇ ಜಾಸ್ತಿ ಅಂತ ನನಗೆ ಕಾಣುತ್ತದೆ. ಅಂದರೆ ಬೇಡದ ಅಭ್ಯರ್ಥಿ ಸ್ವಂತ ಮನೆಯವರನ್ನು ಮಲಗಿಸುವುದು ಒಂದು ಕಡೆ, ಎದುರು ಮನೆಯವರನ್ನು ಎಬ್ಬಿಸುವುದು ಇನ್ನೊಂದು ಕಡೆ. ಆಂಡ್ರ್ಯೂ ಹಾಲ್, ಡೇನಿಯಲ್ ಥಾಂಪ್ಸನ್ ಅನ್ನುವವರು 2018ರಲ್ಲಿ ಹೌಸ್ ಚುನಾವಣೆಗಳ ಅಧ್ಯಯನ ಪ್ರಕಟಿಸಿದರು. ತೀರಾ ಅತಿರೇಕದ ಅಭ್ಯರ್ಥಿಯನ್ನು ನಿಲ್ಲಿಸಿದರೆ ಎದುರು ಪಕ್ಷದವರೇ ಹೆಚ್ಚು ಬರುತ್ತಾರೆ ಅಂತ ಅದರಲ್ಲಿ ಉಂಟು.

ನಮ್ಮ ಪುತ್ತೂರಿನಲ್ಲಿ 2023ರಲ್ಲಿ ನೋಡಿದೆವಲ್ಲ. ಬಿಜೆಪಿಯ ಟಿಕೆಟ್ ಹಂಚಿಕೆಯಿಂದ ಸಿಟ್ಟಾದವರು ಮನೆಯಲ್ಲಿ ಕೂರಲಿಲ್ಲ, ಪಕ್ಷೇತರ ಅರುಣ್ ಕುಮಾರ್ ಪುತ್ತಿಲರ ಹಿಂದೆ ಹೋದರು. ಅವರು ಎರಡನೆಯವರು, ಬಿಜೆಪಿ ಮೂರನೆಯದು, ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಸುಮಾರು 4 ಸಾವಿರ ಮತಗಳಿಂದ ಗೆದ್ದರು. ಸಿಟ್ಟಿಗೆ ಇನ್ನೊಂದು ದಾರಿ ಸಿಕ್ಕಿದರೆ ಜನ ಬರುತ್ತಾರೆ.

ಬೂತ್ ಕೆಲಸದವ, ಕಾಪು
ನಾನು ಬೂತಿನಲ್ಲಿ ಕೂತು ನೋಡಿದ್ದು ಹೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಪಟ್ಟಿ ಹಿಡಿದು ಯಾರು ಬಂದಿಲ್ಲ ಅಂತ ಗೆರೆ ಎಳೆಯುತ್ತೇವೆ. ಆಮೇಲೆ ಫೋನ್, ಅಜ್ಜ-ಅಜ್ಜಿಯರಿದ್ದರೆ ರಿಕ್ಷಾ. ಈ ಕೊನೆಯ ಎರಡು-ಮೂರು ಗಂಟೆಯ ಓಡಾಟ ಯಾರದ್ದೂ ಸಂಬಳದ ಕೆಲಸ ಅಲ್ಲ, ಮನಸ್ಸಿದ್ದರೆ ಮಾತ್ರ ಆಗುತ್ತದೆ. ಅಭ್ಯರ್ಥಿ ಹುಡುಗರಿಗೆ ಹಿಡಿಸದಿದ್ದರೆ ಪಟ್ಟಿ ಮೇಜಿನ ಮೇಲೆಯೇ ಇರುತ್ತದೆ. ಯಾರೂ ಜಗಳ ಮಾಡುವುದಿಲ್ಲ, ಸುಮ್ನೆ ಚಾ ಕುಡಿದು ಕೂರುತ್ತಾರೆ. ಅಮೆರಿಕದಲ್ಲೂ ಮನೆ ಮನೆಗೆ ಹೋಗಿ ಬಾಗಿಲು ತಟ್ಟುವುದು ಇಂಥ ಕಾರ್ಯಕರ್ತರೇ. ಮತದಾರರಿಗಿಂತ ಮೊದಲು ಅವರು ತಣ್ಣಗಾಗುತ್ತಾರೆ, ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಮಲ್ಪೆ ತೀರ
ಬಹಳ ಉಪಕಾರ ಎಲ್ಲರಿಗೂ. ಹಾಗಾದ್ರೆ ಕೆಳಗಿನ ಅಭ್ಯರ್ಥಿ ಮೇಲಿನವರಿಂದ ದೂರ ನಿಂತರೆ ಬಚಾವಾಗಬಹುದಾ?

ಕದ್ರಿ ಗುಡ್ಡೆ
ಅಲ್ಲಿಯೇ ಕಷ್ಟ ಇರುವುದು. 2016ರಲ್ಲಿ ಟ್ರಂಪ್ ಪಕ್ಷದವರೇ ಆದ ನ್ಯೂ ಹ್ಯಾಂಪ್‌ಷೈರ್‌ನ ಸೆನೆಟರ್ ಕೆಲ್ಲಿ ಅಯೋಟ್ ಅಕ್ಟೋಬರ್‌ನಲ್ಲಿ ಟ್ರಂಪ್‌ಗೆ ಬೆಂಬಲ ಹಿಂತೆಗೆದುಕೊಂಡರು. ಸೋತದ್ದು ಸಾವಿರ ಚಿಲ್ಲರೆ ಮತಗಳಿಂದ. ದೂರ ನಿಂತರೆ ಟ್ರಂಪ್ ಅಭಿಮಾನಿಗಳಿಗೆ ಸಿಟ್ಟು, ಹತ್ತಿರ ನಿಂತರೆ ಉಳಿದವರಿಗೆ. ಅದೇ ಕೆಲಸ ಮಾಡಿದ ಅದೇ ಪಕ್ಷದ ಸೆನೆಟರ್ ಮೆಕೇನ್ ಅರಿಜೋನಾದಲ್ಲಿ ಗೆದ್ದರು, ಅವರ ಹೆಸರಿಗೇ ಅಷ್ಟು ತೂಕ ಇತ್ತು.

1980ರದ್ದು ಇನ್ನೂ ಬೇಜಾರು. ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಕಾರ್ಟರ್ ಸೋಲು ಒಪ್ಪಿಕೊಂಡು ಮಾತಾಡಿದಾಗ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಮತದಾನ ನಡೀತಾ ಇತ್ತು. ಇನ್ನು ಹೋಗಿ ಎಂತ ಪ್ರಯೋಜನ ಅಂತ ಡೆಮಾಕ್ರಟರು ಸಾಲು ಬಿಟ್ಟು ಹೋದರು ಅಂತ ಪಕ್ಷದವರು ದೂರಿದರು. ಕ್ಯಾಲಿಫೋರ್ನಿಯಾದಲ್ಲಿ 20 ವರ್ಷ ಹೌಸ್‌ನಲ್ಲಿದ್ದ ಜೇಮ್ಸ್ ಕೊರ್ಮನ್ ಆ ದಿನ ಸೋತದ್ದು ಸಾವಿರಕ್ಕಿಂತಲೂ ಕಡಿಮೆ ಮತಗಳಿಂದ.